ಹೊನ್ನಕ್ಕನ ತವರು ಪೊಟರೆ

ಬೆಟ್ಟದ ಮಗ್ಗುಲಲ್ಲಿ ಒಂದು ಕಾಡು. ಆ ಕಾಡಿನಲ್ಲಿ, ಮಕ್ಕಳೇ, ಹೊನ್ನಕ್ಕ ಎಂಬ ಮಂಗಟ್ಟೆ ಹಕ್ಕಿ ಇದ್ದಳು. ಅವಳ ಹಳದಿ ಕೊಕ್ಕು ಎಷ್ಟು ದೊಡ್ಡದೋ ಹಟವೂ ಅಷ್ಟೇ ದೊಡ್ಡದು.

ಮಂಗಟ್ಟೆಗಳ ಬಾಣಂತನ ನಿಮಗೆ ಗೊತ್ತೆ? ಹೆಣ್ಣು ಮರದ ಪೊಟರೆಯೊಳಗೆ ಕೂತು, ಬಾಗಿಲಿಗೆ ಕೆಸರು ಮೆತ್ತಿ, ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಸಿಕೊಳ್ಳುತ್ತದೆ. ಒಳಗೆ ಅದರ ರೆಕ್ಕೆಯ ಗರಿಗಳು ಉದುರುತ್ತವೆ. ಹೊಸ ಗರಿ ಬರುವ ತನಕ ಹಾರಲಾಗದು. ಗಂಡು ಹಣ್ಣು ತಂದು ಸೀಳಿನಲ್ಲಿ ಉಣಿಸಬೇಕು. ಆದ್ದರಿಂದ ಪೊಟರೆಯನ್ನು ನೋಡಿ ಆರಿಸಬೇಕು. ಒಳಹೊಕ್ಕ ಮೇಲೆ ತಿಂಗಳುಗಟ್ಟಲೆ ಅದೇ ಮನೆ.

ಹೊನ್ನಕ್ಕ ಆರಿಸಲೇ ಇಲ್ಲ. "ನಾನು ಹುಟ್ಟಿದ ಪೊಟರೆಯಲ್ಲೇ ನನ್ನ ಮಕ್ಕಳೂ ಹುಟ್ಟಬೇಕು" ಎಂದಳು.

ಕಣ್ಣು ಮುಚ್ಚಿದರೆ ಸಾಕು, ಆ ಪೊಟರೆ ಅವಳ ಮುಂದೆ ಬರುತ್ತಿತ್ತು. ನಡುಮಧ್ಯಾಹ್ನದಲ್ಲೂ ಒಳಗೆ ಬೆಳಗಿನ ತಂಪು. ಪಾಚಿಯ ವಾಸನೆ. ಎಲೆಯಿಂದ ಎಲೆಗೆ ಹನಿ ಬೀಳುವ ಸದ್ದು. ಸೀಳಿನಲ್ಲಿ ಹಸಿರು ಬೆಳಕು, ಅದಕ್ಕೆ ಅಡ್ಡವಾಗಿ ಅವ್ವನ ಕೊಕ್ಕು.

ಆದರೆ ಹೋದ ವರ್ಷ ಮನುಷ್ಯರು ಬಂದು ಸುತ್ತಲಿನ ಮರಗಳನ್ನೆಲ್ಲ ಕಡಿದು ಸಾಗಿಸಿದ್ದರು. ಪೊಟರೆಯ ಮರ ಟೊಳ್ಳು, ಹಲಗೆಗೆ ಬಾರದು ಎಂದು ಅದೊಂದನ್ನೇ ಬಿಟ್ಟಿದ್ದರು.

ಗಂಡ ಗರಿಯಣ್ಣ ಮೆಲ್ಲಗೆ ಹೇಳಿದ: "ಹೊನ್ನೀ, ಕಾಡಿನ ಒಳಗೆ ಇನ್ನೊಂದು ಪೊಟರೆ ನೋಡಿದ್ದೀನಿ. ಸಣ್ಣದು, ಆದರೆ..."

"ಸಣ್ಣದರಲ್ಲಿ ನೀವೇ ಕೂತ್ಕೊಳ್ಳಿ!"

ಕಾಡಿನ ಅಂಚಿನ ಮರದಲ್ಲಿ ಕೆಂಚಜ್ಜಿ ಎಂಬ ಕೆಂಜಳಿಲು ಎಲೆತುಂಬಿದ ರೆಂಬೆಗಳನ್ನು ಹೆಣೆದು ಗೂಡು ಕಟ್ಟುತ್ತಿದ್ದಳು. ಕೆಲಸ ನಿಲ್ಲಿಸಿ ಅಂದಳು: "ಮಗಾ, ಬೇಸಿಗೆ ಮೊದಲಿನ ಹಾಗಿಲ್ಲ. ವರ್ಷ ವರ್ಷ ಲೋಕವೇ ಬಿಸಿಯಾಗ್ತಾ ಇದೆ. ಮರಗಳು ಒತ್ತೊತ್ತಾಗಿ ನಿಂತ ಕಡೆ ಮಾತ್ರ ಹಳೇ ತಂಪು ಉಳಿದಿದೆ. ಅವು ಬಿಸಿಲನ್ನ ಮೇಲೇ ತಡೀತಾವೆ, ತೇವಾನ ಕೆಳಗೆ ಹಿಡಿದಿಡ್ತಾವೆ. ನಿಮ್ಮವ್ವನ ಮನೆ ತಂಪಾಗಿದ್ದದ್ದು ಆ ಒಂದು ಮರದಿಂದಲ್ಲ, ನೆರೆಮರಗಳಿಂದ."

"ವರ್ಷಕ್ಕೆ ನಾಲ್ಕು ಗೂಡು ಕಟ್ಟಿ ನಾಲ್ಕನ್ನೂ ಬಿಟ್ಟು ಹೋಗೋರು ನೀವು. ತವರು ಅಂದ್ರೆ ನಿಮಗೇನು ಗೊತ್ತು ಅಜ್ಜಿ?"

ಕೆಂಚಜ್ಜಿಯ ಬಾಲ ಉಬ್ಬಿತು. ತಿರುಗಿ ರೆಂಬೆ ಹೆಣೆಯತೊಡಗಿದಳು.

ಹೊನ್ನಕ್ಕ ತವರು ಪೊಟರೆಯ ಒಳಗೆ ಹೋದಳು, ಬಾಗಿಲು ಮೆತ್ತಿಕೊಂಡಳು, ಎರಡು ಮೊಟ್ಟೆ ಇಟ್ಟಳು. ಗರಿಗಳು ಉದುರಿದವು. ಬಿಸಿಲೇರಿತು. ಸೀಳಿನಲ್ಲಿ ಹಸಿರು ಬೆಳಕಿಲ್ಲ. ಕಣ್ಣು ಕುಕ್ಕುವ ಬಿಳಿ ಬೆಳಕು. ಎಷ್ಟು ಮೂಸಿದರೂ ಪಾಚಿಯ ವಾಸನೆಯಿಲ್ಲ.

"ಹೇಗಿದೆ ಒಳಗೆ?" ಅತ್ತಿಹಣ್ಣು ತಂದ ಗರಿಯಣ್ಣ ಕೇಳಿದ.

"ತಂಪಾಗಿದೆ" ಎಂದಳು ಹೊನ್ನಕ್ಕ, ಏದುಸಿರು ಬಿಡುತ್ತಾ.

ಒಂದು ಮೊಟ್ಟೆ ಒಡೆಯಲೇ ಇಲ್ಲ. ಇನ್ನೊಂದರಿಂದ ಮರಿ ಬಂತು. ಏಳನೆಯ ಮಧ್ಯಾಹ್ನ ಪೊಟರೆಯ ಗೋಡೆ ಕಾದ ಹೆಂಚಿನಂತಾಯಿತು. ಮರಿ ಬಾಯಿ ತೆರೆದು ಕತ್ತು ಚೆಲ್ಲಿತು. ಹಣ್ಣಿನ ರಸ ಹಾಕಿದರೂ ನುಂಗಲಿಲ್ಲ. ಎತ್ತಿಕೊಂಡು ಹಾರೋಣವೆಂದರೆ ರೆಕ್ಕೆಯಲ್ಲಿ ಗರಿಯಿಲ್ಲ.

ಇನ್ನು ಹಟ ಹಿಡಿದು ಕೂತರೆ ಮರಿ ಉಳಿಯದು. ಹೊನ್ನಕ್ಕ ಸೀಳಿಗೆ ಕೊಕ್ಕು ಹಾಕಿ ಕೂಗಿದಳು: "ಕೆಂಚಜ್ಜೀ! ನಾನಂದದ್ದು ತಪ್ಪಾಯ್ತು! ನನ್ನ ಮಗು ಬೇಯ್ತಾ ಇದೆ!"

ಕೆಂಜಳಿಲು ನೆಲಕ್ಕಿಳಿಯುವುದು ಅಪರೂಪ. ಬಯಲಿನಲ್ಲಂತೂ ಹದ್ದಿನ ಭಯ. ಆದರೂ ಕೆಂಚಜ್ಜಿ ದೊಡ್ಡದೊಂದು ರೆಂಬೆ ಕಚ್ಚಿಕೊಂಡು ಓಡಿ ಬಂದಳು. ಅದನ್ನು ಪೊಟರೆಯ ಮೇಲಿನ ಕವಲಿಗೆ ಸಿಕ್ಕಿಸಿದಳು. ಹೋದಳು, ಇನ್ನೊಂದು ತಂದಳು.

"ತವರು ಗೊತ್ತಿಲ್ಲ, ಸರಿ. ಚಪ್ಪರ ಹಾಕೋದು ಗೊತ್ತು" ಎಂದು ಗೊಣಗಿದಳು.

ಗರಿಯಣ್ಣ ಹೊಳೆಯ ದಡದಿಂದ ಒದ್ದೆ ಪಾಚಿ ತಂದು ಸೀಳಿನೊಳಗೆ ತುರುಕಿದ. ಹಾಕಿದ ಎಲೆ ಮರುದಿನಕ್ಕೆ ಒಣಗುತ್ತಿತ್ತು. ಮರುದಿನ ಮತ್ತೆ ಹೊಸ ರೆಂಬೆ. ಮೂರನೆಯ ದಿನ ಮರಿ ಒಂದು ಹಣ್ಣು ನುಂಗಿತು. ಹೊನ್ನಕ್ಕ ಕತ್ತಲೆಯೊಳಗೇ ಅತ್ತಳು.

ಮಳೆ ಬಂತು. ಗರಿ ಬಂತು. ತಾಯಿ ಮಗ ಬಾಗಿಲು ಒಡೆದು ಹೊರಬಂದರು.

"ಮುಂದಿನ ವರ್ಷ ನೀವು ನೋಡಿದ ಆ ಸಣ್ಣ ಪೊಟರೆಗೇ ಹೋಗೋಣ" ಎಂದು ಹೊನ್ನಕ್ಕ ಗಂಡನಿಗೆ ಹೇಳಿದಳು. ಆದರೆ ಅವ್ವನ ಮರವನ್ನು ಅವಳು ಬಿಡಲಿಲ್ಲ. ದಿನವೂ ಒಳಕಾಡಿನಲ್ಲಿ ಹಣ್ಣು ತಿಂದು, ಆ ಮರದ ಸುತ್ತಲಿನ ಬಯಲಿಗೆ ಬಂದು ಬೀಜ ಉದುರಿಸತೊಡಗಿದಳು.

"ಬಯಲಿಗೆ ಬಿದ್ದ ಬೀಜ. ಹತ್ತಕ್ಕೊಂದು ಮೊಳೆತರೆ ಹೆಚ್ಚು" ಎಂದಳು ಕೆಂಚಜ್ಜಿ.

"ಹಾಗಾದ್ರೆ ದಿನಾ ಹತ್ತು ಹಾಕ್ತೀನಿ."

"ಅದು ನೆರಳಾಗೋ ಹೊತ್ತಿಗೆ ನೀನೂ ಇರಲ್ಲ, ನಾನೂ ಇರಲ್ಲ."

"ನೆರಳಲ್ಲಿ ನಾವೇ ಕೂರಬೇಕು ಅಂತ ಯಾರಂದ್ರು ಅಜ್ಜಿ?" ಎಂದು ಹೊನ್ನಕ್ಕ ಇನ್ನೊಂದು ಬೀಜ ಉದುರಿಸಿದಳು.

ನೀತಿ: ಹಳೆಯ ಮನೆಯ ಮೇಲೆ ಪ್ರೀತಿಯೊಂದಿದ್ದರೆ ಸಾಲದು, ಅದನ್ನು ತಂಪಾಗಿಟ್ಟ ನೆರೆಮರಗಳನ್ನೂ ಉಳಿಸಿ ಬೆಳೆಸಬೇಕು.