ಫ್ಯಾನಮ್ಮನ ಗಾಳಿ

ಲಗ್ನಪತ್ರಿಕೆ ಅಂಗಡಿಯ ಮಾಲೀಕ ಕಂಪ್ಯೂಟರಿನ ಮಿದುಳಾದ ಪ್ರೊಸೆಸರಪ್ಪನ ವೇಗವನ್ನು ಕಂಪನಿ ಹೇಳಿದ್ದಕ್ಕಿಂತ ಮೇಲೇರಿಸಿದ. ಅಂದಿನಿಂದ ಪ್ರೊಸೆಸರಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ನನ್ನಂತೆ ಓಡುವವರು ಇಲ್ಲಿ ಯಾರಿದ್ದಾರೆ? ನೀನೇಕೆ ತಲೆಯ ಮೇಲೆ ಗೊರಗೊರ ಎನ್ನುತ್ತೀ?" ಎಂದು ತನ್ನನ್ನು ತಂಪಾಗಿಡಲು ಕೂರಿಸಿದ್ದ ಪುಟ್ಟ ಫ್ಯಾನಮ್ಮನನ್ನು ಹಂಗಿಸಿದ.

"ನಿಮ್ಮ ಮೈ ಸುಡುತ್ತಿದೆ ಯಜಮಾನರೇ, ಗಾಳಿ ಹಾಕುತ್ತಿದ್ದೇನೆ."

"ನನಗೆ ಯಾರ ಗಾಳಿಯೂ ಬೇಡ. ಸುಮ್ಮನಿರು!"

ಫ್ಯಾನಮ್ಮ ಸುತ್ತುವುದನ್ನೇ ನಿಲ್ಲಿಸಿದಳು. ಮದುವೆ ಮನೆಯವರು ಎದುರಿಗೇ ಕಾದು ಕೂತಿದ್ದಾಗ ಪ್ರೊಸೆಸರಪ್ಪ ಕೆಂಡವಾಗಿ, ಕಂಪ್ಯೂಟರ್ ಆರಿಹೋಯಿತು. ಪತ್ರಿಕೆಯಲ್ಲಿ ಸುಖಾಗಮನ ಬಯಸುವ ನೆಂಟರ ಎಂಬತ್ತು ಹೆಸರುಗಳೂ ಅಳಿಸಿಹೋದವು.

ಮಾಲೀಕ ಮತ್ತೆ ಗುಂಡಿ ಒತ್ತಿದ. ಪ್ರೊಸೆಸರಪ್ಪ ಓಡಲು ಹೆದರಿ ಮೇಲೆ ನೋಡಿದ. "ಸ್ವಲ್ಪ ಸುತ್ತುತ್ತೀಯಾ ತಾಯಿ?"

"ಸುತ್ತುತ್ತೇನೆ," ಎಂದಳು ಫ್ಯಾನಮ್ಮ, ಸೆಟೆದು. "ಎಷ್ಟು ಓಡಬೇಕೆಂದು ಮಾತ್ರ ಇನ್ನು ನಾನು ಹೇಳುತ್ತೇನೆ."