ಒಡೆಯ ಬಾರದ ಹೊಲ

"ಅಜ್ಜಾ, ಒಡೆಯ ಬಿಟ್ಟುಹೋದ ಮನೆಯಿಂದ ಸಾಮಾನು ತೆಗೆದುಕೊಂಡರೆ ಅದು ಕಳ್ಳತನವೇ?"

ಕೇಳಿದವಳು ಗಂಗಾಂಬಿಕೆ, ನನ್ನ ಶಿಷ್ಯೆ. ಕೇಳಿದ್ದು ಏಳುಕೊಳ್ಳದಲ್ಲಿ.

ಏಳುಕೊಳ್ಳ ಎಂದರೆ ಊರಲ್ಲ. ಫೋನಿನಲ್ಲಿ ಆಡುವ ಆಟ. ಸಾವಿರಾರು ಜನ ಒಂದೇ ಹೊತ್ತಿಗೆ ಅದರೊಳಗೆ ಬದುಕುತ್ತಾರೆ. ಒಳಗೆ ಹೋದವನಿಗೆ ಅಲ್ಲೊಂದು ಮೈ, ಒಂದು ಕಸುಬು, ದುಡಿದರೆ ಒಂದು ಮನೆ, ಒಂದು ಹೊಲ. ನಾನು ಶಾಲೆಯ ಕಡೆ ತಲೆ ಹಾಕಿ ಮಲಗಿದವನೂ ಅಲ್ಲ. ಆದರೂ ಆ ಲೋಕದಲ್ಲಿ ನನ್ನನ್ನು ಗುರು ಎನ್ನುತ್ತಾರೆ. ಅನ್ನದೆ ಏನು ಮಾಡುತ್ತಾರೆ? ಜೌಗಿನಲ್ಲಿದ್ದ ಒಂಬತ್ತು ತಲೆಯ ಹಾವನ್ನು ಹುಲ್ಲು ಕೊಯ್ಯುವ ಕುಡುಗೋಲಿನಿಂದ ಕೊಂದವನು ನಾನೊಬ್ಬನೇ. ನೋಡಿದವರು ಯಾರೂ ಇಲ್ಲ. ನೋಡುವಷ್ಟು ಹತ್ತಿರ ಬರುವ ಧೈರ್ಯ ಯಾರಿಗೂ ಇರಲಿಲ್ಲ.

ಆವತ್ತು ಸೇತುವೆಯ ಪಕ್ಕದಲ್ಲಿ ಬೆಂಕಿ ಹಾಕಿಕೊಂಡು ಮೂವರು ಕೂತಿದ್ದೆವು. ಆಟದ ಬೆಂಕಿ. ಮೈ ಕಾಯುವುದಿಲ್ಲ, ಮಾತು ಕಾಯುತ್ತದೆ. ಮಾತೆಲ್ಲ ಹೆಡ್‌ಫೋನಿನಲ್ಲಿ. ಮೂರನೆಯವನು ಖಾದರ್, ಆಟದಲ್ಲಿ ಆ ಸೇತುವೆಯ ಕಾವಲುಗಾರ.

"ಯಾರ ಮನೆ ತಂಗಿ?" ಎಂದೆ.

"ಬೆಟ್ಟದ ತುದಿಯಲ್ಲಿ ಒಬ್ಬ ಕಮ್ಮಾರ ಇದ್ದನಲ್ಲ, ಅವನ ಮನೆ. ಅವನು ಆಟಕ್ಕೆ ಬರುವುದು ಬಿಟ್ಟು ಎಷ್ಟೋ ಕಾಲವಾಯಿತು. ಬೀಗ ತುಕ್ಕು ಹಿಡಿದು ಕಳಚಿ ಬಿದ್ದಿದೆ. ಹೋದೆ. ಬಾಗಿಲು ತಟ್ಟಿದೆ. ತಳ್ಳಿ ನೋಡಿದರೆ ಒಳಗೆ ಯಾರೂ ಇಲ್ಲ. ಗೋಡೆಯ ಮೇಲೆ ಅವನ ಸುತ್ತಿಗೆ ಇದೆ. ನಕ್ಷತ್ರದ ಕಬ್ಬಿಣದ್ದು ಅಜ್ಜಾ."

ಏಳುಕೊಳ್ಳದ ಕಾನೂನು ಹೀಗಿದೆ. ಬಹುಕಾಲ ಒಡೆಯ ಬರದಿದ್ದರೆ ಮನೆಯ ಬೀಗಕ್ಕೆ ತುಕ್ಕು ಹಿಡಿಯುತ್ತದೆ. ಬೀಗ ಬಿದ್ದ ಮೇಲೆ ಒಳಗಿರುವುದು ಎತ್ತಿಕೊಂಡವರದ್ದು. ಯಾರೂ ತಡೆಯುವುದಿಲ್ಲ.

"ಎತ್ತಿಕೊಂಡೆಯಾ?"

"ಇಲ್ಲ. ಹೊಸಿಲ ತನಕ ಹೋಗಿ ಬಂದೆ. ನಿಮ್ಮನ್ನು ಒಂದು ಮಾತು ಕೇಳೋಣ ಅಂತ. ಆದರೆ ನಾಳೆ ಕಮ್ಮಾರರ ಪಂದ್ಯ ಇದೆ. ನನ್ನ ಸುತ್ತಿಗೆ ಹಿಡಿದುಕೊಂಡು ಹೋದರೆ ಮೊದಲ ಸುತ್ತಿನಲ್ಲೇ ಮನೆಗೆ. ಆ ಸುತ್ತಿಗೆ ಸಿಕ್ಕರೆ ಗೆಲ್ಲುತ್ತೇನೆ. ನಾನು ಬಿಟ್ಟರೆ ಇನ್ಯಾರೋ ಎತ್ತುತ್ತಾರೆ. ಆಟವೇ ಒಪ್ಪಿದೆ. ನೀವು ಏನನ್ನುತ್ತೀರಿ?"

"ಅಜ್ಜನನ್ನು ಕೇಳಿದರೆ ಕತೆ ಬರುತ್ತದೆ, ಸುತ್ತಿಗೆ ಬರುವುದಿಲ್ಲ," ಎಂದ ಖಾದರ್.

ಅವನ ಮಾತು ಸುಳ್ಳು ಮಾಡಬಾರದಲ್ಲ. ಕತೆಯನ್ನೇ ಹೇಳಿದೆ.

ಇದೇ ಏಳುಕೊಳ್ಳದ ಹೊಳೆ ದಂಡೆಯಲ್ಲಿ ಒಬ್ಬ ರೈತನಿದ್ದ. ಹೊರಗಿನ ಲೋಕದಲ್ಲಿ ಅವನ ಹೆಸರಿನಲ್ಲಿ ಒಂದು ಹೂವಿನ ಕುಂಡವೂ ಇರಲಿಲ್ಲ. ಇಲ್ಲಿ ಕಲ್ಲು ಆಯ್ದು, ಕಾಡಿನಿಂದ ಬುಟ್ಟಿಯಲ್ಲಿ ಮಣ್ಣು ಹೊತ್ತು, ಒಂದು ಹೊಲ ಮಾಡಿಕೊಂಡಿದ್ದ. ಹೊಲದ ಮೂಲೆಯ ಕಲ್ಲಿನ ಮೇಲೆ ಅವನ ಹೆಸರು ಬಂದಿತ್ತು. ದಿನವೂ ಬಂದವನೇ ಮೊದಲು ಆ ಕಲ್ಲನ್ನು ನೋಡುತ್ತಿದ್ದ. ಆಮೇಲೆ ಬೆಳೆ ನೋಡುತ್ತಿದ್ದ.

ಬೆಳೆಯುತ್ತಿದ್ದದ್ದು ಕುಂಬಳ. ಎಂಥ ಕುಂಬಳ ಎಂದರೆ, ಒಂದು ಕಾಯಿಯ ಒಳಗೆ ಜೋಡೆತ್ತಿನ ಗಾಡಿ ಹೊಡೆದುಕೊಂಡು ಹೋಗಿ, ಅಲ್ಲೇ ತಿರುಗಿಸಿಕೊಂಡು ಹೊರಗೆ ಬರಬಹುದಿತ್ತು.

"ಹೋದ ಸಲ ಒಂಟೆತ್ತಿನ ಗಾಡಿ ಅಂದಿದ್ದಿರಿ," ಎಂದ ಖಾದರ್.

"ಆಗ ಕಾಯಿ ಇನ್ನೂ ಎಳೆಯದಿತ್ತು," ಎಂದೆ.

ಹೊಲಕ್ಕೂ ಒಂದು ಕಾನೂನು ಇದೆ. ಬೇಲಿ ನಿಂತಿರುವ ತನಕ ಬೆಳೆಯನ್ನು ಬೇರೆಯವರಿಗೆ ಮುಟ್ಟಲಾಗುವುದಿಲ್ಲ. ಬೇಲಿ ಬಿದ್ದರೆ ಯಾರು ಬೇಕಾದರೂ ಕೊಯ್ಯಬಹುದು. ಹೊಲದಲ್ಲಿ ಹಸಿರು ಇರುವ ತನಕ ಕಲ್ಲಿನ ಮೇಲೆ ಒಡೆಯನ ಹೆಸರು ಇರುತ್ತದೆ. ಹಸಿರು ಒಣಗಿತೋ, ಹೆಸರು ಅಳಿಸಿಹೋಗುತ್ತದೆ. ಆಮೇಲೆ ಆ ಹೊಲ ಮೊದಲು ಬಂದವರ ಪಾಲು.

ಒಂದು ದಿನ ರೈತ ಹೊರಗಿನ ಲೋಕದಲ್ಲಿ ಹುಣಸೆಮರ ಹತ್ತಿದ. ಬಿದ್ದ. ಎರಡೂ ಕೈ ಮುರಿದವು. ಎರಡಕ್ಕೂ ಪ್ಲಾಸ್ಟರ್ ಹಾಕಿದರು. ಬೆರಳಾಡಿಸದೆ ಫೋನಿನಲ್ಲಿ ಉಳುವುದು ಹೇಗೆ? ತನ್ನ ಹೊಲ ಹೋಯಿತು ಎಂದು ಅವನು ಮಲಗಿದಲ್ಲೇ ತಿಳಿದುಕೊಂಡ. ಯಾರಿಗೂ ಹೇಳಲಿಲ್ಲ. ಆಟದ ಹೊಲಕ್ಕೆ ಅಳುತ್ತಾನೆ ಎಂದು ಮನೆಯವರು ನಗುತ್ತಾರಲ್ಲ.

ಇತ್ತ ನೋಡಿಕೊಳ್ಳುವವರಿಲ್ಲದೆ ಬೇಲಿ ಬಿತ್ತು. ಹೊಳೆಯಲ್ಲಿ ಒಬ್ಬ ವರ್ತಕ ದೋಣಿ ನಡೆಸಿಕೊಂಡು ಬಂದ. ಬಿದ್ದ ಬೇಲಿ ನೋಡಿದ. ಹಣ್ಣಾದ ಕುಂಬಳ ನೋಡಿದ. ಆಚೆ ಈಚೆ ಯಾರೂ ಇಲ್ಲದ್ದನ್ನೂ ನೋಡಿದ. ಎಲ್ಲವನ್ನೂ ಕೊಯ್ದು ದೋಣಿಗೆ ತುಂಬಿದ. ದೋಣಿ ಎಷ್ಟು ತಗ್ಗಿತೆಂದರೆ ಹೊಳೆಯ ಮೀನು ಒಳಗೆ ಇಣುಕಿ ನೋಡಿ ಹೋಗುತ್ತಿದ್ದವು.

ಹೊರಡುವಾಗ ಅವನಿಗೆ ಯೋಚನೆ ಬಂತು. ಈ ಹೊಲ ಒಣಗಿದರೆ ಹೆಸರು ಅಳಿಯುತ್ತದೆ. ಹೆಸರು ಅಳಿದರೆ ಹತ್ತು ಜನ ಮುತ್ತಿಕೊಳ್ಳುತ್ತಾರೆ. ನನಗೆ ಮತ್ತೆ ಏನೂ ಸಿಗುವುದಿಲ್ಲ. ರೈತನ ಹೆಸರು ಇದ್ದರೇನೇ ನನಗೆ ಲಾಭ.

ಕೆಳಗೆ ಉದುರಿದ್ದ ಬೀಜವನ್ನೇ ಹೆಕ್ಕಿ ಊರಿದ. ಹೊಳೆಯಿಂದ ನೀರು ತಂದು ಹಾಕಿದ.

ಬೆಳೆ ಬಂತು, ಕೊಯ್ದ. ಮತ್ತೆ ಊರಿದ. ಬೇಲಿಯನ್ನು ಮಾತ್ರ ಕಟ್ಟಲಿಲ್ಲ. ಕಟ್ಟಿದರೆ ತನಗೇ ಒಳಗೆ ಹೋಗಲಾಗುವುದಿಲ್ಲವಲ್ಲ. ಬೇಲಿ ಇಲ್ಲದ ಹೊಲಕ್ಕೆ ಹಂದಿ ಬರುತ್ತಿದ್ದವು. ದೊಣ್ಣೆ ಹಿಡಿದು ಕಾದ. ಒಂದು ಹಂದಿ ಅವನ ತೊಡೆ ಸೀಳಿ ಅರ್ಧ ಜೀವ ತೆಗೆಯಿತು. ಕುಂಟುತ್ತಲೇ ಕಾದ. ಕಲ್ಲಿನ ಮೇಲೆ ಪಾಚಿ ಬೆಳೆಯಿತು. ಹೆಸರು ಕಾಣದಿದ್ದರೆ ಯಾರಾದರೂ ಹೊಲಕ್ಕೆ ಕೈ ಹಾಕುತ್ತಾರೆಂದು ತನ್ನ ರುಮಾಲು ಬಿಚ್ಚಿ ಪಾಚಿ ಉಜ್ಜಿದ. ದಾರಿಯಲ್ಲಿ ಹೋಗುವವರು ನಿಂತು, "ಇದು ಯಾರ ಹೊಲ?" ಎಂದು ಕೇಳುತ್ತಿದ್ದರು.

"ರೈತನದ್ದು. ಇನ್ನೇನು ಬರುತ್ತಾನೆ," ಎನ್ನುತ್ತಿದ್ದ.

ಅವರನ್ನು ಸಾಗಹಾಕಲು ಆಡಿದ ಮಾತು. ದಿನವೂ ಆಡಿ ಆಡಿ ನಾಲಿಗೆಗೆ ರೂಢಿಯಾಯಿತು. ಕೆಲವೊಮ್ಮೆ ಯಾರೂ ಕೇಳದಿದ್ದರೂ ದಾರಿಯ ಕಡೆ ಒಮ್ಮೆ ನೋಡುತ್ತಿದ್ದ. ಕದಿಯುವುದಕ್ಕೆ ಅವನು ಪಟ್ಟ ಪಾಡನ್ನು ತನ್ನ ಅಂಗಡಿಗೂ ಪಟ್ಟವನಲ್ಲ. ಇದನ್ನೆಲ್ಲ ಸೇತುವೆಯ ಮೇಲಿಂದ ನಾನೇ ಕಣ್ಣಾರೆ ನೋಡಿದ್ದೇನೆ. ನನ್ನ ಕಣ್ಣು ಹದ್ದಿಗೂ ಸಾಲ ಕೊಡುವಂಥದ್ದು.

ರೈತನ ಪ್ಲಾಸ್ಟರ್ ಬಿಚ್ಚಿದರು. ಬಿಚ್ಚಿದ ದಿನವೇ ಅವನು ಆಟಕ್ಕೆ ಬಂದ. ಹೊಲ ಉಳಿದಿರುತ್ತದೆ ಎಂದಲ್ಲ. ಅದು ಇದ್ದ ಜಾಗವನ್ನಾದರೂ ನೋಡಿಹೋಗೋಣ ಎಂದು. ತಲೆ ತಗ್ಗಿಸಿಕೊಂಡು ಬದುವಿನ ಮೇಲೆ ಬಂದ.

ವರ್ತಕ ಬಳ್ಳಿಯ ನಡುವೆ ಬಗ್ಗಿದ್ದ. ಕೈಯಲ್ಲಿ ಕುಡುಗೋಲು. ಹಿಂದೆ ಅರ್ಧ ತುಂಬಿದ ದೋಣಿ. ಹೆಜ್ಜೆಯ ಸದ್ದಿಗೆ ತಲೆ ಎತ್ತಿದ. ಆಟದ ಕಾನೂನು ಅವನ ಕಡೆಗಿತ್ತು, ನಿಜ. ಆದರೆ ರೈತ ಸಂತೆಯಲ್ಲಿ ನಿಂತು ಇವನು ಕಳ್ಳ ಎಂದು ಒಂದು ಮಾತು ಅಂದರೆ ಸಾಕು, ಅವನ ಅಂಗಡಿಗೆ ಯಾರೂ ಬರುವುದಿಲ್ಲ. ಹೇಳಲು ಒಂದು ಸುಳ್ಳನ್ನು ಬೇಗ ಬೇಗ ಹೊಂದಿಸಿಕೊಂಡ.

ರೈತ ಮೊದಲು ಕಲ್ಲನ್ನು ನೋಡಿದ. ಹೆಸರು ಹೊಳೆಯುತ್ತಿತ್ತು. ಆಮೇಲೆ ಬಳ್ಳಿ ನೋಡಿದ. ಬದುವಿನ ಮೇಲೆ ಸತ್ತು ಬಿದ್ದಿದ್ದ ಹಂದಿಯನ್ನು ನೋಡಿದ. ವರ್ತಕನ ಕುಂಟು ಕಾಲು ನೋಡಿದ.

"ಅಣ್ಣಾ," ಎಂದ, "ನನ್ನ ಎರಡೂ ಕೈ ಮುರಿದಿದ್ದವು. ನಿನ್ನ ಕೈ ಇಲ್ಲಿದ್ದವಲ್ಲ."

ವರ್ತಕ ಕುಡುಗೋಲನ್ನು ಬೆನ್ನ ಹಿಂದೆ ಸರಿಸಿದ.

"ಕೊಯ್ದದ್ದೆಲ್ಲ ನಿನ್ನದೇ. ಅದು ಕೂಲಿಗೂ ಸಾಲದು. ಇಗೋ, ಬೆಳೆ ಇಡುವ ಕೊಟ್ಟಿಗೆಯ ಕೀಲಿ. ಇದು ಇದ್ದವನನ್ನು ಬೇಲಿಯೂ ತಡೆಯುವುದಿಲ್ಲ. ನಾನಿರಲಿ ಬಿಡಲಿ, ಬೇಕಾದಾಗ ಬಾ, ಬೇಕಾದ್ದು ತೆಗೆದುಕೊ."

ಹೊಂದಿಸಿಕೊಂಡಿದ್ದ ಸುಳ್ಳು ಬೇಕಾಗಲಿಲ್ಲ. ನಿಜ ಹೇಳೋಣವೆಂದರೆ ರೈತ ಆಗಲೇ ಬಳ್ಳಿಯ ನಡುವೆ ಕೂತು ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡುತ್ತಿದ್ದ.

ಮರುದಿನದಿಂದ ವರ್ತಕ ಒಂದು ಕಾಯಿಯನ್ನೂ ದೋಣಿಗೆ ಹಾಕಲಿಲ್ಲ. ಇಬ್ಬರೂ ಸೇರಿ ಬೇಲಿ ಕಟ್ಟಿದರು. ಕೊಯ್ದದ್ದನ್ನು ಅವನೇ ಹೊತ್ತು ಕೊಟ್ಟಿಗೆಗೆ ಸೇರಿಸುತ್ತಿದ್ದ. ರೈತ ಕೊಟ್ಟರೆ ಒಯ್ಯುತ್ತಿದ್ದ, ಕೊಡದಿದ್ದರೆ ಇಲ್ಲ. ಸೊಂಟದಲ್ಲಿ ಕೀಲಿ ಇದ್ದರೂ, ರೈತ ಆಟದಲ್ಲೇ ಇಲ್ಲದ ದಿನವೂ, ಮೊದಲು ಕೊಟ್ಟಿಗೆಯ ಬಾಗಿಲು ತಟ್ಟುತ್ತಿದ್ದ. ಒಂದು ಗಳಿಗೆ ನಿಂತು ಆಮೇಲೆ ಒಳಗೆ ಹೋಗುತ್ತಿದ್ದ.

ಕತೆ ಇಲ್ಲಿಗೆ ಬಂದಾಗ ಖಾದರ್ ತಡೆಯಲಾರದೆ ಹೇಳಿದ, "ಪೆದ್ದ. ಕೀಲಿ ಸಿಕ್ಕ ಮೇಲೆ ಕಣ್ಣುಮುಚ್ಚಿ ತುಂಬಿಕೊಳ್ಳಬಹುದಿತ್ತಲ್ಲ."

"ನಾನೂ ಅವನನ್ನು ಅದನ್ನೇ ಕೇಳಿದೆ."

"ಏನಂದ?"

"ಕಾಯಿ ಹೊರಬಹುದು ಅಜ್ಜಾ, ಕೀಲಿಯೇ ಭಾರ ಅಂದ."

ಖಾದರ್ ನಕ್ಕ. ಗಂಗಾಂಬಿಕೆ ನಗಲಿಲ್ಲ. ಅವಳ ಮನಸ್ಸು ಇನ್ನೂ ಬೆಟ್ಟದ ತುದಿಯಲ್ಲೇ ಇತ್ತು.

"ಕತೆ ಚೆನ್ನಾಗಿದೆ ಅಜ್ಜಾ," ಎಂದಳು. "ಆದರೆ ಆ ರೈತ ತಿರುಗಿ ಬಂದ. ಈ ಕಮ್ಮಾರ ಬರುವುದಿಲ್ಲ. ಆ ಮನೆಯಲ್ಲಿ ಯಾರೂ ಇಲ್ಲ, ಇನ್ನು ಇರುವುದೂ ಇಲ್ಲ. ಅದು ಎಲ್ಲರಿಗೂ ಗೊತ್ತು. ಬೆಟ್ಟ ಹತ್ತುವಾಗಲೇ ನನಗೂ ಗೊತ್ತಿತ್ತು."

ನಾನು ಬೆಂಕಿಗೆ ಒಂದು ಕೊಳ್ಳಿ ಸರಿಸಿದೆ. ಬುದ್ಧಿ ಹೇಳಲಿಲ್ಲ. ಒಂದೇ ಒಂದು ಮಾತು ಕೇಳಿದೆ. ಮರುದಿನ ಪಂದ್ಯಕ್ಕೆ ತನ್ನ ಹಳೆಯ ಸುತ್ತಿಗೆಯನ್ನೇ ಹಿಡಿದುಕೊಂಡು ಹೋದಳು, ಮೊದಲ ಸುತ್ತಿನಲ್ಲೇ ಸೋತಳು, ನಗುತ್ತಾ ಬಂದು ನಮ್ಮ ಬೆಂಕಿಯ ಪಕ್ಕ ಕೂತಳು. ನಾನು ಕೇಳಿದ್ದು ಇಷ್ಟೇ:

"ಯಾರೂ ಇಲ್ಲ ಅಂತ ಗೊತ್ತಿದ್ದೂ ಬಾಗಿಲು ತಟ್ಟಿದೆಯಲ್ಲ ತಂಗಿ, ಯಾರಿಗೆ ಕೇಳಲಿ ಅಂತ?"