ಆನೆಲಾಯ ಮನೆಯಾದದ್ದು

"ಕೇಳಿರಪ್ಪೋ ಕೇಳಿ! ದೊರೆಗಳ ಮೂರು ಒಗಟು ಬಿಡಿಸಿದರೆ ಖಾಲಿ ಬಿದ್ದಿರುವ ಆನೆಲಾಯ ಮನೆಯಾಗುವುದು! ತಪ್ಪು ಹೇಳಿದವನ ತಲೆ ಹೋಗುವುದು!" ಎಂದು ತಮಟೆಯವನು ಕಂಕಣಗಿರಿಯ ಬೀದಿಬೀದಿಯಲ್ಲಿ ಸಾರಿದ.

ಆ ಊರಿನ ಕಟ್ಟಳೆಯೇ ಹಾಗಿತ್ತು. ಯಾವುದನ್ನು ಯಾತಕ್ಕೆಂದು ಕಟ್ಟಿದ್ದಾರೋ ಅದು ಅದಕ್ಕೇ. ಕೊನೆಯ ಆನೆ ಸತ್ತು ಎಷ್ಟೋ ಕಾಲವಾಗಿತ್ತು, ಲಾಯದ ತುಂಬ ಬಾವಲಿಗಳು ಜೋತಾಡುತ್ತಿದ್ದವು. ಬಾವಲಿಗಳಿಗೆ ಕಟ್ಟಳೆ ಇರಲಿಲ್ಲ, ಮನುಷ್ಯರಿಗಿತ್ತು. ದೊರೆಯ ಮೆರವಣಿಗೆಗೆ ಬೀದಿ ಸಾಲದೆಂದು ಮೇದಾರ ಕೇರಿಯನ್ನು ಕೆಡವಿದ್ದರು. ಬುಟ್ಟಿ ಹೆಣೆಯುವ ಆ ಜನ ಲಾಯದ ಹೊರಗೋಡೆಗೇ ಚಾಪೆ ಒರಗಿಸಿಕೊಂಡು ಚಳಿಗೆ ನಡುಗುತ್ತ ಕೂತಿದ್ದರು. ಒಳಗೆ ಕಾಲಿಟ್ಟರೆ ಹಿಡಿದುಕೊಂಡು ಹೋಗುತ್ತಿದ್ದರು.

ಅವರಲ್ಲಿ ಮಾಲಿಂಗ ಎಂಬ ಹುಡುಗನೊಬ್ಬನಿದ್ದ. ಅವನ ಅಕ್ಕ ದುರುಗಿ ತುಂಬು ಬಸುರಿ, ಇಂದೋ ನಾಳೆಯೋ ಎನ್ನುವಂತಿದ್ದಳು.

"ಬ್ಯಾಡ ಕಣ್ಲಾ ಮಗಾ, ತಲೆ ಹೋಯ್ತದೆ," ಎಂದಳು ತಾಯಿ ಸಿದ್ದವ್ವ.

"ಅಕ್ಕ ಈ ಚಳಿಯಾಗೆ ಬಯಲಲ್ಲಿ ಹೆತ್ರೆ ಕೂಸು ಉಳೀತದೇನವ್ವಾ?" ಎಂದ ಮಾಲಿಂಗ. ಸಿದ್ದವ್ವ ತನ್ನ ಚಾಪೆಯನ್ನೂ ದುರುಗಿಯ ಪಕ್ಕಕ್ಕೆ ಒರಗಿಸಿದಳು.

ಅವನು ಆಸ್ಥಾನಕ್ಕೆ ಹೋದಾಗ ಅವನಿಗಿಂತ ಮೊದಲೇ ಇಬ್ಬರು ನಿಂತಿದ್ದರು. ಒಬ್ಬ ರೇಷ್ಮೆ ವರ್ತಕನ ಮಗ, ಇನ್ನೊಬ್ಬ ದಂಡನಾಯಕನ ಮಗ. ಲಾಯ ತನ್ನದೇ ಮಹಲಾಗುತ್ತದೆಂದು ಇಬ್ಬರಿಗೂ ಆಸೆ.

ದೊರೆ ಮೊದಲ ಒಗಟು ಹಾಕಿದ. "ಅದಕ್ಕೆ ಗೋಡೆಯಿದೆ, ಸೂರಿದೆ, ಬಾಗಿಲಿದೆ. ಆದರೂ ಒಳಗೆ ಮಲಗಿದವನು ಬೆಳಿಗ್ಗೆ ಏಳುವಾಗ ಕಳ್ಳನಾಗಿರುತ್ತಾನೆ. ಯಾವುದದು?"

"ತಮ್ಮ ಆನೆಲಾಯ," ಎಂದರು ಇಬ್ಬರೂ. ಅಷ್ಟು ಯಾರಿಗಾದರೂ ಹೊಳೆಯುತ್ತದೆ.

"ಎರಡನೆಯದು. ಉಳಿದ ದಿನವೆಲ್ಲ ಅದು ಚೆಲ್ಲಿದರೆ ಹೆಂಗಸರು ಬೈಯುತ್ತಾರೆ. ಒಂದು ದಿನ ಮಾತ್ರ ಚೆಲ್ಲಲೆಂದೇ ಕಾಯುತ್ತಾ ನಿಲ್ಲುತ್ತಾರೆ. ಏನದು?"

"ಕಣ್ಣೀರು! ಮದುಮಗಳ ಕಣ್ಣೀರು!" ಎಂದುಬಿಟ್ಟ ವರ್ತಕನ ಮಗ. ದೊರೆ ಬೆರಳಾಡಿಸಿದ. ಅವನನ್ನು ಎಳೆದುಕೊಂಡು ಹೋದರು, ಹೊರಗೆ ಕೊಡಲಿಯ ಸದ್ದಾಯಿತು.

ದಂಡನಾಯಕನ ಮಗ ಬೆವರೊರೆಸಿಕೊಂಡು "ಹಾಲು" ಎಂದ. ದೊರೆ ತಲೆಯಾಡಿಸಿ ಮೂರನೆಯದನ್ನು ಕೇಳಿದ. "ಹೆಸರಿನಲ್ಲೇ ಮನೆಯಿದೆ. ಎಂದೂ ಖಾಲಿ ಬಿದ್ದಿಲ್ಲ. ಆದರೆ ಅಲ್ಲಿ ಯಾರೂ ಹಾಲುಕ್ಕಿಸಿಲ್ಲ. ಯಾವುದು?"

"ಅರಮನೆ, ಮಹಾಸ್ವಾಮಿ!"

"ನಮ್ಮಜ್ಜಿ ಇಲ್ಲಿ ಹಾಲುಕ್ಕಿಸಿಯೇ ಒಳಗೆ ಬಂದಿದ್ದಳು," ಎಂದು ದೊರೆ ನಕ್ಕ. ದಂಡನಾಯಕ ಅಲ್ಲೇ ನಿಂತಿದ್ದ. ಮಗನನ್ನೂ ಕೊಡಲಿಯತ್ತ ಎಳೆದುಕೊಂಡು ಹೋಗುವಾಗ ದಾರಿ ಬಿಟ್ಟು ಸರಿದ, ಪಾಪಿ.

ಮಾಲಿಂಗ ಮುಂದೆ ಬಂದ. "ಒಂದನೇದು ಆನೆಲಾಯ ಬುದ್ಧಿ. ನಾವು ಅದರ ಗೋಡೆ ಹೊರಗೇ ಮಲಗೋರು, ನಮಗೆ ಗೊತ್ತು. ಎರಡನೇದು ಹಾಲು. ಹೊಸ ಮನೆ ಹೊಕ್ಕ ದಿನ ಉಕ್ಕಿ ಚೆಲ್ಲಬೇಕು, ಇಲ್ದಿದ್ರೆ ಅದು ಮನೆಯಲ್ಲ. ಮೂರನೇದು ಸೆರೆಮನೆ. ಅಲ್ಲಿಗೆ ಹಾಲುಕ್ಕಿಸಿ ಯಾರು ಹೋಗ್ತಾರೆ ಬುದ್ಧಿ? ಕೈಗೆ ಕೋಳ ಹಾಕ್ಕೊಂಡು ಹೋಗ್ತಾರೆ."

ಸಭೆ ಮೂಗಿನ ಮೇಲೆ ಬೆರಳಿಟ್ಟಿತು. ದೊರೆ ಎದ್ದು ಘೋಷಿಸಿದ. "ಇಂದಿನಿಂದ ಆನೆಲಾಯ ಮನೆ!"

ಮಾಲಿಂಗ ಅಡ್ಡಬಿದ್ದ. "ನಮ್ಮೋರನ್ನೆಲ್ಲ ಕರಕೊಂಡ್ ಬತ್ತೀನಿ ಬುದ್ಧಿ."

"ಯಾಕೆ?" ಎಂದ ಮಂತ್ರಿ. "ಲಾಯ ಮನೆಯಾಗುವುದು ಎಂದು ಸಾರಿದೆವು, ಆಯಿತು. ಯಾರ ಮನೆ ಎಂದು ಸಾರಿದೆವೇನಪ್ಪ? ಅಷ್ಟೆತ್ತರದ ಬಾಗಿಲು ನಿಮ್ಮ ಚಾಪೆ ಬುಟ್ಟಿಗೆ ಒಪ್ಪುತ್ತದೆಯೇ? ದೊರೆಗಳ ಬಾಮೈದರು ಅಲ್ಲಿ ಇರುತ್ತಾರೆ. ನಿನಗೆ ಬಾಗಿಲು ಕಾಯುವ ಕೆಲಸ, ಮೇಲೊಂದು ಶಾಲು."

ಶಾಲು ಹೊದಿಸಿ, ಲಾಯದ ಬೀಗದ ಕೈ ಕೊಟ್ಟು ಕಳಿಸಿದರು. ಸತ್ತವರಿಬ್ಬರೂ ಇದೇ ಮಾತಿಗೆ ಮೋಸಹೋಗಿದ್ದರೆಂಬುದು ಮಾಲಿಂಗನಿಗೆ ಆಗ ಹೊಳೆಯಿತು. ಗೆದ್ದಿದ್ದರೂ ಅವರಿಗೆ ಏನೂ ಸಿಗುತ್ತಿರಲಿಲ್ಲ.

ಅವನು ಲಾಯದ ಹತ್ತಿರ ಬಂದಾಗ ದುರುಗಿಗೆ ನೋವು ಶುರುವಾಗಿತ್ತು. ಬಾಮೈದರು ಇನ್ನೂ ಬಂದಿರಲಿಲ್ಲ. ಬಾಗಿಲ ಬೀಗದ ಕೈ ಮಾಲಿಂಗನ ಸೊಂಟದಲ್ಲಿತ್ತು. ಅವನು ಬಾಗಿಲು ತೆರೆದು ಶಾಲನ್ನು ನೆಲಕ್ಕೆ ಹಾಸಿದ. ಬಾವಲಿಗಳ ಕೆಳಗೆ ದುರುಗಿ ಹೆಣ್ಣು ಕೂಸು ಹೆತ್ತಳು. ಕೂಸು ಜೋರಾಗಿ ಅತ್ತಿತು, ಆ ಅಳುವಿಗೇ ಕಾವಲಿನವರು ಓಡಿ ಬಂದು ಮಾಲಿಂಗನನ್ನು ಆಸ್ಥಾನಕ್ಕೆ ಎಳೆದುಕೊಂಡು ಹೋದರು.

"ನಿನ್ನೆವರೆಗೆ ಲಾಯಕ್ಕೆ ನುಗ್ಗಿದ ಕಳ್ಳರು, ಇವತ್ತು ಮನೆಗೆ ನುಗ್ಗಿದ ಕಳ್ಳರು," ಎಂದ ದೊರೆ. "ಇವರಿಗೆ ಸೂರು ತಾನೇ ಬೇಕು? ಕೊಡಿ." ಸಭೆ ಗೊಳ್ಳೆಂದು ನಕ್ಕಿತು. ಆ ನಗು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಹಸಿ ಬಾಣಂತಿ, ಕೂಸು, ಸಿದ್ದವ್ವ, ಮಾಲಿಂಗ ನಾಲ್ವರನ್ನೂ ಸೆರೆಮನೆಗೆ ತಂದರು. ಒಳಗೆ ಬೆಚ್ಚಗಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಸಿದ್ದವ್ವ ಕಾವಲುಗಾರನನ್ನು ಕರೆದಳು. "ಯಣ್ಣಾ, ಬಾಣಂತಿಗೆ ಒಂದ್ ಗುಟುಕು ಹಾಲು ಕೊಡು, ನಿಂಗೆ ಪುಣ್ಯ ಬತ್ತದೆ." ಅವನಿಗೂ ಮನೆಯಲ್ಲಿ ಮಕ್ಕಳಿದ್ದರು. ಚೊಂಬಿನಲ್ಲಿ ಹಾಲು ತಂದು, ಒಂದಿಷ್ಟು ಕೆಂಡವನ್ನೂ ಕೊಟ್ಟ.

ಸಿದ್ದವ್ವ ಮೂರು ಕಲ್ಲು ಹೂಡಿ ಚೊಂಬು ಇಟ್ಟಳು. ಹಾಲು ಕಾಯಿತು, ನೊರೆ ಏರಿತು.

"ಅವ್ವಾ, ಇಳಿಸು, ಚೆಲ್ತದೆ," ಎಂದಳು ದುರುಗಿ.

"ಚೆಲ್ಲಲಿ ಬಿಡು ಮಗಳೇ," ಎಂದಳು ಸಿದ್ದವ್ವ.

ಹಾಲು ಉಕ್ಕಿ ಕೆಂಡದ ಮೇಲೆ ಚೆಲ್ಲಿತು. ಮಾಲಿಂಗ ಗೋಡೆ ಕಡೆ ತಿರುಗಿ ಬಿಕ್ಕಿಬಿಕ್ಕಿ ಅತ್ತ. ದೊರೆಯ ಮೂರನೆಯ ಒಗಟಿಗೆ ಅಂದಿನಿಂದ ಆ ಊರಿನಲ್ಲಿ ಉತ್ತರವಿಲ್ಲ.